ಒಂದೇ ಕೈಗೆ ಏಳುವ ಮೆಟ್ಟಿಲು

ಹೋಶಿಮ್ ನಮ್ಮ ಮಳಿಗೆಗೆ ಬಂದದ್ದು ಜರ್ದಾಳು ಹೂವು ಉದುರುವ ವಾರದಲ್ಲಿ. ಇಸ್ತರವ್‌ಶನ್ನಿನ ಚಾಕುಗಳನ್ನು ಮಾರುವವನು. ಬಡಿದು ಹದ ಹಾಕುವುದು ಅವನ ಅಣ್ಣ, ನಮ್ಮ ಊರು ಖುಜಂದಿಗೆ ತಂದು ಮಾರುವುದು ಇವನು. ಮೊದಲು ಇವನೂ ಕುಲುಮೆಯ ಮುಂದೆಯೇ ಕೂರುತ್ತಿದ್ದನಂತೆ. ರಷ್ಯಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವನು ಎಡಗೈಯನ್ನು ಮೊಣಕೈವರೆಗೂ ಅಲ್ಲೇ ಬಿಟ್ಟು ಬಂದಿದ್ದ. ಕೋಟಿನ ಎಡತೋಳನ್ನು ಮೇಲಕ್ಕೆ ಮಡಿಚಿ ಪಿನ್ನು ಹಾಕಿಕೊಂಡಿರುತ್ತಿದ್ದ.

ಆ ಮಳಿಗೆ ಒಂದು ಕಾಲದಲ್ಲಿ ಸರ್ಕಾರದ ಒಂದೇ ದೊಡ್ಡ ಅಂಗಡಿಯಾಗಿತ್ತು. ಬೀದಿಗೆ ಮುಖ ಮಾಡಿದ ಎಂಟು ಕಿಟಕಿಗಳು. ಹತ್ತೊಂಬತ್ತು ವರ್ಷ ಆ ಎಂಟನ್ನೂ ಅಲಂಕರಿಸಿದವಳು ನಾನು, ಮತ್ಲುಬಾ. ಕೈಕೆಳಗೆ ಇಬ್ಬರು ಬಡಗಿಗಳು, ಬಣ್ಣ ಬಳಿಯಲು ಒಬ್ಬ ಇದ್ದರು. ಆಮೇಲೆ ದೇಶ ಬದಲಾಯಿತು, ಯುದ್ಧ ಬಂತು, ಹೋಯಿತು. ಅಂಗಡಿಯನ್ನು ನಲವತ್ತು ತುಂಡು ಮಾಡಿ ನಲವತ್ತು ಜನಕ್ಕೆ ಬಾಡಿಗೆಗೆ ಕೊಟ್ಟರು. ಉಳಿದವರೆಲ್ಲ ಎಲ್ಲೆಲ್ಲಿಗೋ ಹೋದರು. ನನಗೆ ಹೋಗಲು ಬೇರೆ ಜಾಗ ತೋಚಲಿಲ್ಲ. ಮೆಟ್ಟಿಲಿನ ಕೆಳಗೆ ಪೊರಕೆ, ಬಕೆಟ್ಟು ಇಡುತ್ತಿದ್ದ ಗೂಡನ್ನು ಕೇಳಿ ಪಡೆದು, ಅಲ್ಲೇ ಒಂದು ಬಡಗಿ ಮೇಜು ಹಾಕಿಕೊಂಡೆ.

ಕೆಲಸವೂ ಅಲ್ಲೇ ಹುಟ್ಟಿತು. ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಒಂದೊಂದು ಗಾಜಿನ ಪೆಟ್ಟಿಗೆ. ಹಗಲಿಗೆ ಅದರೊಳಗೆ ಸರಕು ಕಾಣಬೇಕು. ಸಂಜೆಗೆ ಸರಕನ್ನೆಲ್ಲ ಡಬ್ಬಿಗೆ ತುಂಬಿ, ಅದೇ ಪೆಟ್ಟಿಗೆಯೊಳಗಿಟ್ಟು, ಪರದೆ ಎಳೆದು ಬೀಗ ಹಾಕಬೇಕು. ಬೇರೆ ಉಗ್ರಾಣವಿಲ್ಲ. ಹಾಗಾಗಿ ಒಳಗಿನ ಮೆಟ್ಟಿಲುಹಲಗೆಗಳು ಬೆಳಿಗ್ಗೆ ಎದ್ದು ನಿಲ್ಲಬೇಕು, ಸಂಜೆ ಚಪ್ಪಟೆಯಾಗಿ ಮಲಗಬೇಕು. ನಾನು ಮೂರು ಮೆಟ್ಟಿಲಿನ ಒಂದು ಮಾದರಿ ಮಾಡಿದೆ. ತೆಳು ಪ್ಲೈವುಡ್ಡು. ಲೋಹದ ಕೀಲು ಗಾಜನ್ನು ಗೀರುತ್ತದೆಂದು ಕ್ಯಾನ್ವಾಸ್ ಪಟ್ಟಿಯನ್ನು ಅಂಟಿಸಿ ಅದನ್ನೇ ಕೀಲು ಮಾಡಿದೆ. ಎಡಕ್ಕೊಂದು, ಬಲಕ್ಕೊಂದು ಚಿಲಕ. ಎರಡನ್ನೂ ಒಟ್ಟಿಗೆ ಒತ್ತಿ ಎತ್ತಿದರೆ ಮೂರೂ ಹಲಗೆ ನಿಲ್ಲುತ್ತಿದ್ದವು. ಎರಡು ವರ್ಷದಲ್ಲಿ ಅರ್ಧ ಮಳಿಗೆ ಅದನ್ನೇ ಕೊಂಡಿತು. ಅದಕ್ಕೆ ಎರಡು ಕೈ ಬೇಕು ಎನ್ನುವುದು ಒಂದು ಕೊರತೆ ಅಂತ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಹೋಶಿಮ್ ಕೂಡ ಎಲ್ಲರಂತೆ ಅದನ್ನೇ ಕೊಂಡ. ಮೊದಲ ದಿನ ಬೆಳಿಗ್ಗೆ ಒಂದು ಚಿಲಕವನ್ನು ಕೈಯಿಂದ ಒತ್ತಿ, ಇನ್ನೊಂದನ್ನು ಗಲ್ಲದಿಂದ ಒತ್ತಲು ನೋಡುತ್ತಿದ್ದ. ಪಕ್ಕದಲ್ಲಿ ಮದುವೆಯ ಮಣಿಸರ, ಜರಿದಾರ ಮಾರುವ ರೊಬಿಯಾ ಖಾಲಾ ನನ್ನನ್ನು ಕೂಗಿದಳು. ವಯಸ್ಸಾದ ಹೆಂಗಸು, ಮಳಿಗೆಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ; ಬಾಯಿ ಮಾತ್ರ ಹರೆಯದ್ದು.

"ಏ ಮತ್ಲುಬಾ, ಬಾರೇ ಇಲ್ಲಿ! ನಿನ್ನ ಹಲಗೆ ಈ ಮನುಷ್ಯನ ಗಡ್ಡ ಕಚ್ಕೊಂಡಿದೆ!"

ನಾನು ಹೋಗಿ ಎತ್ತಿಕೊಟ್ಟೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ದೇವರು ಒಳ್ಳೇದು ಮಾಡ್ಲಿ, ಅಪಾ" ಎಂದ. ನನಗೆ ಐವತ್ತೆರಡು, ಅವನಿಗೆ ನಲವತ್ತನಾಲ್ಕು. ಅಪಾ, ಅಂದರೆ ಅಕ್ಕ, ಎಂದು ಕರೆದದ್ದು ಸರಿಯಾಗಿಯೇ ಇತ್ತು.

ಮರುದಿನವೂ ಹೋದೆ, ಅದರ ಮರುದಿನವೂ. ಒಂಬತ್ತು ಗಂಟೆಗೆ ನಾನು ಹಲಗೆ ಎತ್ತುವುದು, ಅವನು ಎಣ್ಣೆಬಟ್ಟೆಯಿಂದ ಚಾಕುಗಳನ್ನು ಬಿಡಿಸಿ ಕೊಡುವುದು, ನಾನು ಒಂದೊಂದಾಗಿ ಜೋಡಿಸುವುದು. ಕೊಂಬಿನ ಹಿಡಿಯವು ಮೇಲೆ, ಅಡುಗೆಮನೆಯವು ಕೆಳಗೆ. ಆಮೇಲೆ ಹಸಿರು ಚಹಾ. ಯಾವ ಚಾಕು ಟ್ರಕ್ಕಿನ ಸ್ಪ್ರಿಂಗಿನಿಂದ ಬಂದದ್ದು, ಯಾವುದು ಹಳೆಯ ರೈಲುಹಳಿಯಿಂದ ಬಂದದ್ದು ಅಂತ ಅಲಗಿಗೆ ಉಗುರಿನಿಂದ ತಟ್ಟಿ, ಸದ್ದು ಕೇಳಿಸಿ ಹೇಳುತ್ತಿದ್ದ. ನನಗೆ ಆ ಎರಡು ಸದ್ದಿನ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಗೊತ್ತಾದವಳಂತೆ ತಲೆಯಾಡಿಸುತ್ತಿದ್ದೆ. ಎಲ್ಲ ಸೇರಿ ಅರ್ಧ ಗಂಟೆ. ಅವನು ಮಳಿಗೆಗೆ ಬರುವುದಕ್ಕೆ ಮೊದಲು, ಮಧ್ಯಾಹ್ನದವರೆಗೂ ನಾನು ಯಾರೊಂದಿಗೂ ಒಂದು ಮಾತೂ ಆಡದೆ ಕಳೆದ ದಿನಗಳು ಎಷ್ಟೋ ಇದ್ದವು. ಅಮ್ಮ ಸತ್ತ ಮೇಲೆ ಮನೆಯಲ್ಲಂತೂ ರೇಡಿಯೋ ಒಂದೇ ಮಾತಾಡುತ್ತಿತ್ತು.

ನಾನು ಒಳ್ಳೆಯ ತಲೆವಸ್ತ್ರ ಕಟ್ಟಿಕೊಂಡು ಬರತೊಡಗಿದ್ದು ರೊಬಿಯಾ ಖಾಲಾಳ ಕಣ್ಣಿಗೆ ಬೀಳದೆ ಇರಲಿಲ್ಲ.

"ಮದುವೆ ವಯಸ್ಸಲ್ಲಿ ಎಲ್ರೂ ನಿಂಗೆ ಕೈ ಕೊಟ್ರು" ಎಂದಳು ಒಂದು ದಿನ, ಮಣಿ ಪೋಣಿಸುತ್ತಾ. "ಇವನು ಕೈ ಕೊಡೋನಲ್ಲ ಬಿಡು. ಇರೋದೇ ಒಂದು."

"ನಾಚಿಕೆ ಆಗಲ್ವಾ ಖಾಲಾ, ಈ ವಯಸ್ಸಲ್ಲಿ?"

"ನಂಗ್ಯಾಕೆ ನಾಚಿಕೆ? ಕೆಂಪಾಗಿರೋದು ನಿನ್ನ ಮುಖ."

ನಿಜ ಹೇಳಬೇಕೆಂದರೆ, ಮದುವೆಯ ಆಸೆ ಅದಲ್ಲ. ಒಂಬತ್ತು ಗಂಟೆಗೆ ನಾನು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬ ಮನುಷ್ಯ ಈ ಊರಲ್ಲಿ ಇದ್ದಾನೆ, ಅಷ್ಟೇ. ಅದನ್ನು ಅವಳಿಗೆ ಬಿಡಿಸಿ ಹೇಳಲು ನನಗೆ ಬರಲಿಲ್ಲ.

ಜೂನ್ ತಿಂಗಳಲ್ಲಿ ಹೋಶಿಮ್ ಕೇಳಿದ. "ಅಪಾ, ಒಂದೇ ಕೈಗೆ ಆಗೋ ಥರ ಮಾಡೋಕಾಗಲ್ವಾ ಇದನ್ನ? ದಿನಾ ತೊಂದ್ರೆ."

"ತೊಂದ್ರೆ ಏನಿಲ್ಲಪ್ಪ."

"ನಿಮಗಿಲ್ಲ. ನನಗಿದೆ." ಅವನು ಚಹಾದ ಬಟ್ಟಲನ್ನು ನೋಡುತ್ತಾ ಹೇಳಿದ. "ಎಲ್ರೂ ವ್ಯಾಪಾರ ಶುರು ಮಾಡಿರ್ತಾರೆ. ನಾನು ನನ್ನ ಅಂಗಡಿ ಮುಂದೆ ನಾನೇ ಗಿರಾಕಿ ಥರ ನಿಂತಿರ್ತೀನಿ."

ಮಾಡುತ್ತೇನೆ ಎಂದೆ. ಇನ್ನೇನು ಹೇಳಲಿ, ನನ್ನ ಕಸುಬೇ ಅದು.

ಅಂದು ಸಂಜೆ ಮನೆಗೆ ಹೋಗಿ ಅಮ್ಮನ ಹಳೆಯ ಶಾಲಿನಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡೆ. ಒಂದು ವಾರ ಮನೆಯಲ್ಲಿದ್ದಷ್ಟು ಹೊತ್ತೂ ಹಾಗೇ ಇದ್ದೆ. ಕಲ್ಲಂಗಡಿ ಕೊಯ್ಯಲು ಹೋದರೆ ಅದು ಉರುಳಿ ಒಲೆಯ ಕೆಳಗೆ ಸೇರಿತು. ಉಪ್ಪಿನಕಾಯಿ ಜಾಡಿಯನ್ನು ತೊಡೆಗಳ ನಡುವೆ ಹಿಡಿದು ತಿರುಗಿಸಬೇಕಾಯಿತು. ಪಕ್ಕದ ಮನೆಯವಳು ಈರುಳ್ಳಿ ಕೇಳಲು ಬಂದವಳು, "ಅಯ್ಯೋ, ಕೈ ಮುರ್ಕೊಂಡ್ಯಾ?" ಎಂದಳು. ಇಲ್ಲ, ಕೆಲಸ ಎಂದೆ. ಅವಳು ಈರುಳ್ಳಿ ತೆಗೆದುಕೊಂಡು ಬೇಗ ಹೋದಳು.

ಮೂರನೆಯ ದಿನ ಗೊತ್ತಾಯಿತು. ಒಂಟಿ ಕೈ ಎರಡು ಕಡೆ ಇರಲಾರದು. ಆದರೆ ಒಂದು ಕಡೆ ಎಳೆದದ್ದು ಎರಡೂ ಕಡೆಗೆ ತಲುಪಬಹುದು. ಮತ್ತೆ, ಒಂಟಿ ಕೈಗೆ ಹಿಡಿದುಕೊಂಡಿರುವುದು ಕಷ್ಟ. ಶುರು ಮಾಡಿದ ಚಲನೆ ನಿಲ್ಲದೆ ಕೊನೆ ಮುಟ್ಟಬೇಕು, ಆಮೇಲೆ ವಸ್ತು ತನ್ನ ಭಾರದಿಂದ ತಾನೇ ಕೂರಬೇಕು. ಹಲಗೆಗಳ ಕೆಳಗೆ ಅಡ್ಡಕ್ಕೆ ಒಂದು ಸರಳು ಹಾಯಿಸಿ ಎರಡು ಬದಿಯ ಕಾಲುಗಳನ್ನೂ ಅದಕ್ಕೆ ಜೋಡಿಸಿದೆ. ಮುಂದಿನ ಪಟ್ಟಿಯನ್ನು ಎಳೆದರೆ ಮೂರೂ ಹಲಗೆ ಒಟ್ಟಿಗೆ ಏಳಬೇಕು, ನೆಟ್ಟಗಾಗುವುದಕ್ಕಿಂತ ಕೂದಲೆಳೆಯಷ್ಟು ಹಿಂದಕ್ಕೆ ವಾಲಿ ಗಟ್ಟಿಯಾಗಿ ನಿಲ್ಲಬೇಕು. ರಟ್ಟಿನಲ್ಲಿ ಏಳು ಮಾದರಿ ಮಾಡಿ ಎಸೆದೆ. ಎಂಟನೆಯದು ನಿಂತಿತು.

ಅದು ನಿಂತ ಮಧ್ಯಾಹ್ನ ಖುಷಿಯಿಂದ ಹೋಶಿಮ್‌ಗೆ ತೋರಿಸಲು ಹೊರಟವಳು ಮೆಟ್ಟಿಲಿನ ಗೂಡಿನಿಂದ ಹೊರಗೆ ಬಂದು ನಿಂತುಬಿಟ್ಟೆ. ಇದು ಅವನ ಪೆಟ್ಟಿಗೆ ಸೇರಿದ ಮೇಲೆ ಒಂಬತ್ತು ಗಂಟೆಗೆ ನಾನು ಅಲ್ಲಿಗೆ ಹೋಗಲು ಕಾರಣವಿರುವುದಿಲ್ಲ. ಇಷ್ಟು ದಿನ ಕೂತು ಆ ಕಾರಣವನ್ನು ನನ್ನ ಕೈಯಾರೆ ನಾನೇ ಇಲ್ಲವಾಗಿಸಿದ್ದೆ. ರಟ್ಟಿನ ಮಾದರಿಯನ್ನು ಮಡಿಚಿ ಒಳಗಿಟ್ಟೆ.

ಪ್ಲೈವುಡ್ಡಿನದು ಆಗಸ್ಟಿನಲ್ಲಿ ಮುಗಿಯಿತು. ಮಡಿಚಿದಾಗ ತಾನಾಗಿ ಏಳದಂತೆ ಸರಳಿನ ಕೆಳಗೆ ಒಂದು ಪುಟ್ಟ ಮರದ ಗೂಟ ಇಟ್ಟಿದ್ದೆ. ಹೆಬ್ಬೆರಳಿನಿಂದ ತಳ್ಳಿದರೆ ಅದು ಜಾರಬೇಕು. ಗೂಟ ತುಸು ಬಿಗಿಯಾಗಿತ್ತು. ಉಜ್ಜುವುದನ್ನು ಮರೆತೆ ಎಂದರೆ ಸುಳ್ಳಾಗುತ್ತದೆ. ಸ್ಯಾಂಡ್‌ಪೇಪರ್ ಕೈಗೆ ತೆಗೆದುಕೊಂಡಿದ್ದೆ, ಮತ್ತೆ ಡ್ರಾಯರಿನಲ್ಲಿಟ್ಟೆ.

"ಹೊಸ ಮರ, ಸ್ವಲ್ಪ ದಿನ ಬಿಗಿ ಇರುತ್ತೆ" ಎಂದೆ ಅವನಿಗೆ. "ನಾನು ಬಂದು ಬಿಡಿಸಿಕೊಡ್ತೀನಿ."

"ಪರವಾಗಿಲ್ಲ ಅಪಾ, ಹೊಸದಲ್ವಾ, ಪಳಗುತ್ತೆ" ಎಂದ ಪಾಪ. ಎಳೆದಾಗ ಮೂರೂ ಹಲಗೆ ಒಂದೇ ಉಸಿರಿಗೆ ಎದ್ದದ್ದು ನೋಡಿ ಚಿಕ್ಕ ಹುಡುಗನ ಹಾಗೆ ನಕ್ಕಿದ್ದ. ಗೂಟ ಬಿಡಿಸಲು ಆಗದ್ದು ತನ್ನ ಹೆಬ್ಬೆರಳಿನ ತಪ್ಪು ಎಂದುಕೊಂಡು, ಬಿಡುವಾದಾಗಲೆಲ್ಲ ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದ. ನಾನು ಅದನ್ನೂ ನೋಡಿದೆ. ಹನ್ನೊಂದು ದಿನ ಬೆಳಿಗ್ಗೆ ಹೋಗಿ ಗೂಟ ಬಿಡಿಸಿ, ಚಹಾ ಕುಡಿದು ಬಂದೆ.

ಹನ್ನೆರಡನೆಯ ದಿನ ನಾನಿದ್ದ ಟ್ರಾಲಿಬಸ್ಸು ಸೇತುವೆಯ ಮೇಲೆ ಕೆಟ್ಟು ನಿಂತಿತು. ನಡೆದು ಬರುವಷ್ಟರಲ್ಲಿ ಒಂಬತ್ತೂವರೆ. ಹೋಶಿಮ್‌ನ ಪೆಟ್ಟಿಗೆಯ ಸುತ್ತ ಜನ. ಹಾಸಿದ್ದ ಬಿಳಿ ಬಟ್ಟೆ ಕೆಂಪಾಗಿತ್ತು. ಅವನು ಚಾಕುವಿನ ತುದಿಯಿಂದ ಗೂಟವನ್ನು ಮೀಟಲು ಹೋಗಿದ್ದ. ತುದಿ ಸಿಕ್ಕಿಕೊಂಡು, ಕೈ ಹಿಡಿಯಿಂದ ಅಲಗಿನ ಮೇಲೆ ಜಾರಿ ಹೆಬ್ಬೆರಳಿನ ಬುಡ ಸೀಳಿತ್ತು. ರೊಬಿಯಾ ಖಾಲಾ ಮಾರಲು ತಂದಿದ್ದ ವಧುವಿನ ಮುಸುಕನ್ನೇ ಹರಿದು ಕಟ್ಟುತ್ತಿದ್ದಳು. ಹೋಶಿಮ್ ನನ್ನನ್ನು ನೋಡಿ, "ನನ್ನ ಅವಸರ ಅಪಾ, ಕಾಯ್ಬೇಕಿತ್ತು" ಎಂದ.

ಮೂರು ವಾರ ಅವನು ಬರಲಿಲ್ಲ. ಅವನ ಅತ್ತಿಗೆ ಶರೋಫತ್ ಬಂದು ಅಂಗಡಿ ನೋಡಿಕೊಂಡಳು. ಮೊದಲ ದಿನವೇ ಕೇಳಿದೆ, ಹೇಗಿದ್ದಾನೆ ಎಂದು.

"ನರಕ್ಕೆ ಪೆಟ್ಟಾಗಿಲ್ಲ, ದೇವರು ದೊಡ್ಡವನು" ಎಂದಳು. "ಆದ್ರೆ ಇರೋ ಒಂದು ಕೈಗೂ ಪಟ್ಟಿ ಅಲ್ವಾ. ರೊಟ್ಟಿ ಮುರಿಯೋಕಾಗಲ್ಲ, ಗುಂಡಿ ಹಾಕ್ಕೊಳ್ಳೋಕಾಗಲ್ಲ. ಅವನಣ್ಣ ತಿನ್ನಿಸ್ತಾರೆ. ಗೋಡೆ ಕಡೆ ಮುಖ ತಿರುಗಿಸ್ಕೊಂಡು ನುಂಗ್ತಾನೆ. ರಷ್ಯಾದಿಂದ ಬಂದಾಗ್ಲೂ ಹೀಗೆ ಇರಲಿಲ್ಲ ಅವನು."

ನಾನು ಆ ಹಲಗೆಯನ್ನು ಬಿಚ್ಚಿಕೊಂಡು ನನ್ನ ಗೂಡಿಗೆ ಹೋದೆ. ಡ್ರಾಯರು ಎಳೆದು ಸ್ಯಾಂಡ್‌ಪೇಪರ್ ತೆಗೆದೆ. ಐದು ಸಲ ಉಜ್ಜಿದೆ. ಗೂಟ ಬೆಣ್ಣೆಯಲ್ಲಿ ಇಳಿದಂತೆ ಜಾರಿತು. ಅದಕ್ಕೆ ಬೇಕಾಗಿದ್ದದ್ದು ಐದು ಉಜ್ಜು. ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದೆ. ಹೊರಗೆ ಯಾರೋ ನನ್ನ ತಲೆಯ ಮೇಲಿನ ಮೆಟ್ಟಿಲುಗಳನ್ನು ಹತ್ತುತ್ತಿದ್ದರು, ಇಳಿಯುತ್ತಿದ್ದರು.

ಅವನು ಮರಳಿ ಬಂದ ದಿನ ನಾನು ಒಂಬತ್ತಕ್ಕೆ ಮೊದಲೇ ಹೋಗಿ ನಿಂತಿದ್ದೆ. ಹೊಸ ಗಾಯದ ಗೆರೆ ಹೆಬ್ಬೆರಳಿನ ಬುಡದಲ್ಲಿ ಗುಲಾಬಿ ಬಣ್ಣದಲ್ಲಿತ್ತು. ಅವನು ಭಯದಿಂದಲೇ ಗೂಟ ಒತ್ತಿದ. ಜಾರಿತು. ಪಟ್ಟಿ ಎಳೆದ. ಎದ್ದು ನಿಂತವು.

"ಏನು ಮಾಡಿದ್ರಿ ಅಪಾ?"

ಹೇಳಿದೆ. ಬಿಗಿ ಇದ್ದದ್ದು ನನಗೆ ಗೊತ್ತಿತ್ತು ಎಂದೆ. ಬೇಕೆಂದೇ ಬಿಟ್ಟಿದ್ದೆ ಎಂದೆ. ಯಾಕೆ ಎಂದೂ ಹೇಳಿದೆ. ಹೇಳುವಾಗ ಬಹಳ ಸಣ್ಣ ಮಾತಾಗಿ ಕೇಳಿಸಿತು, ಬೆಳಿಗ್ಗೆ ಚಹಾ ಕುಡಿಯಲು ಅಂತ.

ಅವನು ಎಣ್ಣೆಬಟ್ಟೆಯಿಂದ ಒಂದು ಚಾಕು ತೆಗೆದು ಮೇಲಿನ ಹಲಗೆಯಲ್ಲಿಟ್ಟ. ಇನ್ನೊಂದು ತೆಗೆದ. ನಾಲ್ಕೈದು ಇಟ್ಟ ಮೇಲೆ ಮಾತಾಡಿದ.

"ಚಹಾಕ್ಕೆ ಬಾ ಅಂತ ಕರೆದಿದ್ರೆ ಬರ್ತಿರ್ಲಿಲ್ವಾ ನಾನು?"

"ಕರೆಯೋಕೆ ಬರಲಿಲ್ಲ ಹೋಶಿಮ್‌ಜಾನ್."

"ಹೌದಾ" ಎಂದ. ಇನ್ನೊಂದು ಚಾಕು ಇಟ್ಟು, "ನನ್ನ ಬೆರಳಲ್ಲಿ ಶಕ್ತಿ ಇಲ್ಲ ಅಂದ್ಕೊಂಡಿದ್ದೆ ನಾನು" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಚಹಾ ಬಗ್ಗಿಸಲಿಲ್ಲ ಅವನು. ನಾನೂ ನಿಲ್ಲಲಿಲ್ಲ.

ಅದಾದ ಮೇಲೆ ಎಂಟೂವರೆಗೇ ಬಂದು ಅಂಗಡಿ ತೆರೆಯುತ್ತಿದ್ದ. ನಾನು ಒಳಗೆ ಬರುವಾಗ ಚಾಕುಗಳೆಲ್ಲ ಸಾಲಾಗಿ ಕೂತಿರುತ್ತಿದ್ದವು. ನನಗಿಂತ ಚೆನ್ನಾಗಿಯೇ ಜೋಡಿಸುತ್ತಿದ್ದ. ದೂರದಿಂದ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದ. ಅದರಲ್ಲಿ ಸಿಟ್ಟಿರಲಿಲ್ಲ, ಬೇರೇನೂ ಇರಲಿಲ್ಲ. ಒಮ್ಮೆ ಕುಂಬಳಕಾಯಿ ಸಂಬುಸಾ ಮಾಡಿ ತಟ್ಟೆಯಲ್ಲಿ ಒಯ್ದುಕೊಟ್ಟೆ. ಮರುದಿನ ತಟ್ಟೆ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಒಣದ್ರಾಕ್ಷಿ ಹಾಕಿ ರೊಬಿಯಾ ಖಾಲಾಳ ಕೈಯಲ್ಲಿ ಕಳಿಸಿದ. ನಾನು ಮತ್ತೆ ಏನನ್ನೂ ಒಯ್ಯಲಿಲ್ಲ.

ಹಲಗೆ ಮಾತ್ರ ಹೆಸರು ಮಾಡಿತು. ಅವನು ಒಂದೇ ಕೈಯಲ್ಲಿ ಅದನ್ನು ಎಬ್ಬಿಸುವುದನ್ನು ನೋಡಿದ ಮಳಿಗೆಯವರೆಲ್ಲ ಒಬ್ಬೊಬ್ಬರಾಗಿ ಬಂದರು.

"ನಂಗೂ ಒಂದು ಮಾಡ್ಕೊಡು" ಎಂದಳು ರೊಬಿಯಾ ಖಾಲಾ.

"ನಿಂಗೆ ಎರಡು ಕೈ ಇದೆಯಲ್ಲ ಖಾಲಾ?"

"ಇನ್ನೊಂದರಲ್ಲಿ ಫೋನ್ ಹಿಡ್ಕೊಂಡು ಸೊಸೆಗೆ ಬೈಬೋದು."

ಚಳಿಗಾಲದೊಳಗೆ ಹದಿನಾಲ್ಕು ಮಾಡಿದೆ. ಟೊಪ್ಪಿಯವರಿಗೆ, ವಾಚಿನವರಿಗೆ, ಬೀದಿಬದಿಯ ಕಿಟಕಿಗೆ ನಾಲ್ಕು ಮೆಟ್ಟಿಲಿನದೊಂದು. ಪ್ರತಿಯೊಂದರ ಗೂಟವನ್ನೂ ಎಡಗೈ ಹಿಂದೆ ಕಟ್ಟಿಕೊಂಡು ಒತ್ತಿ ನೋಡಿಯೇ ಕೊಟ್ಟೆ.

ವಸಂತದ ನವ್ರೂಜ್ ಹಬ್ಬಕ್ಕೆ ಹತ್ತು ದಿನ ಇರುವಾಗ ಹೋಶಿಮ್ ಮಳಿಗೆ ಬಿಟ್ಟ. ಇಸ್ತರವ್‌ಶನ್ನಿನಲ್ಲೇ ಅಣ್ಣನ ಕುಲುಮೆಯ ಪಕ್ಕ ಅಂಗಡಿ ಸಿಕ್ಕಿದೆ ಎಂದು ರೊಬಿಯಾ ಖಾಲಾ ಹೇಳಿದಳು. ಅವನು ಎಲ್ಲರ ಬಳಿ ಹೋಗಿ ಬೀಳ್ಕೊಂಡ. ನನ್ನ ಗೂಡಿಗೂ ಬಂದ. "ತಪ್ಪಾಗಿದ್ರೆ ಮನ್ನಿಸಿ ಅಪಾ" ಎಂದ. ಹೋಗುವಾಗ ನಾವೆಲ್ಲ ಒಬ್ಬರಿಗೊಬ್ಬರು ಹೇಳುವ ಮಾತು ಅದು. ನಾನೂ ಅದನ್ನೇ ಹೇಳಿದೆ. ನಾನು ಹೇಳಿದ್ದು ಬೇರೆ ಎಂದು ಅವನಿಗೆ ಗೊತ್ತಾಯಿತೋ ಇಲ್ಲವೋ.

ಬಾಗಿಲಿನವರೆಗೂ ಹಿಂದೆ ಹೋದೆ. ಚಾಕುಗಳ ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದ. ಮಡಿಚಿದ ಹಲಗೆಯನ್ನು ಬಲಗಂಕುಳಲ್ಲಿ ಇರುಕಿಕೊಂಡು ನಡೆದ. ಅದು ಜಾರುತ್ತಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಂತು ತೊಡೆಯಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ. ಆಗ ನನಗೆ ಕಂಡಿತು: ಅದನ್ನು ಎಬ್ಬಿಸುವುದು ಹೇಗೆ, ಮಲಗಿಸುವುದು ಹೇಗೆ ಎಂದು ಒಂದು ಬೇಸಿಗೆಯಿಡೀ ಯೋಚಿಸಿದ್ದೆ. ಅವನು ಅದನ್ನು ಎತ್ತಿಕೊಂಡು ಹೋಗಬೇಕಾದೀತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬಸ್ ನಿಲ್ದಾಣದ ತಿರುವಿನಲ್ಲಿ ಅವನು ಮರೆಯಾದ ಮೇಲೆ ಒಳಗೆ ಬಂದು, ಇನ್ನೊಬ್ಬ ಟೊಪ್ಪಿಯವನಿಗಾಗಿ ಅರ್ಧ ಮಾಡಿಟ್ಟಿದ್ದ ಹಲಗೆಯನ್ನು ಮೇಜಿನ ಮೇಲೆ ತಿರುವಿ ಹಾಕಿದೆ. ನಾಲ್ಕು ಬೆರಳು ಹಿಡಿಸುವಷ್ಟು ಗುರುತು ಹಾಕಿ, ಹಿಡಿಕೆಗೆ ತೂತು ಕೊರೆಯಲು ಶುರು ಮಾಡಿದೆ.