ಗಾಲಿಯ ಮನೆ

“ನೀರು ಇಳ್ಯಾಕತ್ತೇತಿ ನೋಡು,” ಎಂದು ಗುರುಬಸಪ್ಪ ಮೂರನೆಯ ಸಲ ಹೇಳಿದಾಗ ಅವನ ಹೆಂಡತಿ ನೀಲಾಬಾಯಿ ಗಾಡಿಯೊಳಗಿನ ಪುಟ್ಟ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದಳು. ಬಾಗಿಲಿನಿಂದ ಇಣುಕಿದಳು. ಬಂದ ಕೂಡಲೇ ಅವಳು ನೀರಿನಂಚಿಗೆ ನೆಟ್ಟಿದ್ದ ಕೋಲನ್ನು ಬಿಟ್ಟು ಸಮುದ್ರ ಇಪ್ಪತ್ತು ಹೆಜ್ಜೆ ಹಿಂದೆ ಸರಿದಿತ್ತು. ಬೆಳಗಿನಿಂದ ಡವಗುಟ್ಟುತ್ತಿದ್ದ ಎದೆ ಕೊಂಚ ತಣ್ಣಗಾಯಿತು.

ಕೋಲು ನೆಡುವುದು ಅವರ ಊರು ಸಾಂಗಲಿಯ ಚಾಳಿ. ಕೃಷ್ಣೆ ಉಕ್ಕಿದಾಗ ಪೇಟೆಯ ಜನಕ್ಕೆ ಊಟ ನಿದ್ದೆಗಿಂತ ಐರ್ವಿನ್ ಸೇತುವೆಯ ಹತ್ತಿರ ನೀರು ಎಷ್ಟು ಫೂಟು ಎಂಬುದೇ ದೊಡ್ಡದು. ಓಣಿಯ ಬಾಯಲ್ಲೊಂದು ಕೋಲು ನೆಟ್ಟು ಕಾಯುತ್ತ ಕೂರುತ್ತಾರೆ. ಒಮ್ಮೆ ಇಳಿಯತೊಡಗಿತೋ, ಮುಗಿಯಿತು; ಸಲಿಕೆ ಹಿಡಿದು ರಾಡಿ ಬಳಿಯುವುದೊಂದೇ ಬಾಕಿ. ಹೋದ ನೀರು ಅದೇ ಸಂಜೆ ಮತ್ತೆ ಬಾಗಿಲಿಗೆ ಬರುತ್ತದೆ ಎಂದು ಅಲ್ಲಿ ಯಾರಿಗಾದರೂ ಹೊಳೆಯುವುದುಂಟೇ?

ಎರಡು ಮಹಾಪೂರಗಳಲ್ಲಿ ಅಂಗಡಿಯೂ ಮನೆಯೂ ಮುಳುಗಿದ ಮೇಲೆ ಗುರುಬಸಪ್ಪ ಕಿರಾಣಿ ವ್ಯಾಪಾರವನ್ನು ತಮ್ಮನಿಗೆ ಬಿಟ್ಟು, ಕುಪವಾಡ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ ಹಳೆಯ ಟೆಂಪೊಗೆ ಮಂಚ, ಒಲೆ, ನೀರಿನ ಟಾಕಿ ಕೂಡಿಸಿದ. ಗಾಲಿ ಇರುವ ಮನೆಯನ್ನು ಯಾವ ನೀರು ಮುಳುಗಿಸುತ್ತದೆ ನೋಡೇಬಿಡೋಣ ಎಂಬ ಹಟ. ಬುಕಿಂಗೂ ಬೇಡ ಗಿಕಿಂಗೂ ಬೇಡ, ನಿಂತದ್ದೇ ಊರು ಎಂದು ಹೆಂಡತಿಯನ್ನು ಕೂರಿಸಿಕೊಂಡು ಘಟ್ಟ ಇಳಿದ. ಮೂರು ದಿನ ಕೊಂಕಣದ ಇಕ್ಕಟ್ಟು ಹಾದಿಗಳಲ್ಲಿ ಈ ಮಹಾರಾಯ ಗಾಡಿ ನಿಲ್ಲಿಸಲು ಜಾಗ ಕೇಳುತ್ತ ತಿರುಗಿದ್ದೇ ತಿರುಗಿದ್ದು. ಇವತ್ತೆಲ್ಲಿ ಮಲಗುವುದು ಎಂಬ ಚಿಂತೆಯಲ್ಲಿ ನೀಲಾಬಾಯಿಗೆ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ. ಕೊನೆಗೆ ಈ ಬೆಳಿಗ್ಗೆ, ದೋಣಿ ಇಳಿಸುವ ಇಳಿಜಾರಿನಿಂದ ಸೀದಾ ಗಟ್ಟಿ ಮರಳಿನ ಮೇಲೇ ತಂದು ನಿಲ್ಲಿಸಿದ. ಮೀನು ಒಣಹಾಕುತ್ತಿದ್ದ ಸಖುಬಾಯಿ ಎಂಬವಳು ಮರಾಠಿಯಲ್ಲಿ, ಇಲ್ಲಿ ಬಹಳ ಹೊತ್ತು ಬಿಡಬೇಡಿ, ನೀರು ಬರುತ್ತದೆ ಎಂದಳು. ಸಾಂಗಲಿಯವರಿಗೆ ನೀರಿನ ಪಾಠ ಹೇಳುವವಳು ಇವಳೊಬ್ಬಳು ಹುಟ್ಟಿದ್ದಾಳೆ ಎಂದು ಗುರುಬಸಪ್ಪ ನಕ್ಕುಬಿಟ್ಟ.

ಇಬ್ಬರೂ ಉಂಡು ಅಡ್ಡಾದರು.

ಗಾಡಿ ಅಲುಗಿದಂತಾಗಿ ನೀಲಾಬಾಯಿಗೆ ಎಚ್ಚರವಾದಾಗ ನಾಲ್ಕು ದಾಟಿತ್ತು. ಮೆಟ್ಟಿಲ ಬುಡದಲ್ಲಿ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ, ನೀರಿತ್ತು. ಕೋಲು ಎತ್ತ ಹೋಯಿತೋ. ಗಂಡನನ್ನು ಅಲ್ಲಾಡಿಸಿ ಎಬ್ಬಿಸಿದಳು. ಅವನು ಬಡಬಡ ಎದ್ದು ಇಂಜಿನ್ ಚಾಲೂ ಮಾಡಿದ. ಒತ್ತಿದಷ್ಟೂ ಹಿಂದಿನ ಗಾಲಿಗಳು ಮರಳು ಅಗೆದು ಕೆಳಗೆ ಕೂತವು.

ಸಖುಬಾಯಿ ಏಳೆಂಟು ಗಂಡಸರನ್ನು ದೋಣಿಯ ಹಗ್ಗದ ಸಮೇತ ಕರೆತಂದಳು. ಇಬ್ಬರೂ ಇಳಿಯಿರಿ, ಜಗ್ಗಿ ನೋಡುತ್ತೇವೆ, ಬಂದರೆ ನಿಮ್ಮ ಪುಣ್ಯ, ಉಬ್ಬರದ ನೀರು ಕಿಟಕಿತನಕ ಬರುತ್ತದೆ ಎಂದು ಅವರು ಕೂಗಿ ಹೇಳಿದರು. ಹೇಳಿದ್ದನ್ನೇ ಹೇಳಿದರು. ಗುರುಬಸಪ್ಪ ಸ್ಟೇರಿಂಗ್ ಬಿಡಲಿಲ್ಲ.

ಎರಡನೆಯ ಪೂರದಲ್ಲೂ ಹೀಗೇ. ಮೂರು ಸಲ ಜನರನ್ನು ಕರೆದೊಯ್ಯುವ ದೋಣಿ ಕಿಟಕಿಗೆ ಬಂದಿತ್ತು, ಮೂರು ಸಲವೂ ಈ ಮನುಷ್ಯ ಮನೆ ಬಿಟ್ಟು ಬರುವುದಿಲ್ಲವೆಂದು ತಿರುಗಿ ಕಳಿಸಿದ್ದ. ಮೂರು ದಿನ ನೀಲಾಬಾಯಿ ಅಟ್ಟದ ಮೇಲೆ ಅವನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಎಂಥ ಗಟ್ಟಿಗಿತ್ತಿ ಎಂದು ಆಮೇಲೆ ನೆಂಟರೆಲ್ಲ ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ, ಅವಳು ಅಂಜಿ ಸತ್ತಿದ್ದಳು.

“ಇಳೀರಿ,” ಎಂದಳು.

“ನೀ ಇಳಿ. ನಾ ಇದನ್ನ ಬಿಟ್ಟ ಬರಂಗಿಲ್ಲ.”

“ಅವತ್ತ ನಿಮ್ಮ ಸಂಗಾಟ ಕುಂತೇನಿ. ಇವತ್ತ ಕುಂದ್ರಂಗಿಲ್ರಿ. ನಂಗ ಜೀವದ ಅಂಜಿಕಿ ಐತಿ. ನಾ ಹೊಂಟೆ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಮಾತು ಅವಳ ಬಾಯಿಂದ ಬಂದದ್ದಿಲ್ಲ. ಅವನು ಬೇರೆ ಯಾರನ್ನೋ ನೋಡುವಂತೆ ನೋಡಿದ. ಅವಳು ಬಾಗಿಲು ಹಿಡಿದು ನೀರಿಗಿಳಿದಳು.

ಮೊಣಕಾಲ ಮೇಲೆ ನೀರು. ಅಂಗಾಲಿನ ಕೆಳಗೆ ಮರಳು ಜಾರುತ್ತಿತ್ತು. ತಿರುಗಿ ನೋಡಬಾರದು, ನೋಡಿದರೆ ವಾಪಸು ಹತ್ತಿ ಅವನ ಪಕ್ಕ ಕೂತುಬಿಡುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಂಡೆಯಲ್ಲಿ ಸಖುಬಾಯಿ ಕೈ ಚಾಚಿ ಕರೆಯುತ್ತಿದ್ದಳು. ಹಿಂದೆ ಇಂಜಿನ್ ಒಮ್ಮೆ ಜೋರಾಗಿ ಒರಲಿ ನಿಂತುಹೋಯಿತು. ನೀರು ಹೊಕ್ಕು ನಿಂತಿತೋ, ಗಂಡನೇ ನಿಲ್ಲಿಸಿದನೋ? ತಪ್ಪು ಮಾಡಿದೆನೇ ಎಂದುಕೊಂಡಳು. ಕಾಲುಗಳು ಮಾತ್ರ ತಮ್ಮ ಪಾಡಿಗೆ ನಡೆಯುತ್ತಿದ್ದವು. ಒಂದು ತೆರೆ ಸೊಂಟಕ್ಕೆ ಬಡಿದು ಹೋಯಿತು. ಗಂಡಸರು ಒಂದೇ ದನಿಯಲ್ಲಿ ಕೂಗಿ ಗಾಡಿಗೆ ಕಟ್ಟಿದ್ದ ಹಗ್ಗ ಜಗ್ಗತೊಡಗಿದರು.

ಆಗ ಯಾರೋ ಅವಳ ಸೆರಗಿನ ತುದಿ ಹಿಡಿದರು. ಸಂತೆಗೆ ಹೋದರೂ ಮದುವೆಗೆ ಹೋದರೂ ಯಾವತ್ತೂ ಹತ್ತು ಹೆಜ್ಜೆ ಮುಂದೆಯೇ ನಡೆದವನ ಏದುಸಿರು ಬೆನ್ನ ಹಿಂದೆ ಕೇಳಿಸಿತು. ಅವಳು ತಿರುಗಲಿಲ್ಲ. ಸೆರಗು ಬಿಗಿಯಾಗದಂತೆ ನಡಿಗೆಯನ್ನು ತುಸು ನಿಧಾನ ಮಾಡಿದಳು.