ಕಬ್ಬು ಮುಟ್ಟದ ಹೋರಿಗಳು

ತೇನ್‌ಮೊಳಿಯ ಬಾಯಿ ಸುಮ್ಮನಿರುವ ಬಾಯಲ್ಲ. ನಿಲಕ್ಕೋಟ್ಟೈಯಲ್ಲಿ ಬೇರೆ ಮಕ್ಕಳೆಲ್ಲ ಅಳುತ್ತಾ ಹುಟ್ಟಿದರೆ ಇವಳು ‘ಯಾಕೆ’ ಎನ್ನುತ್ತಾ ಹುಟ್ಟಿದಳು ಎಂದು ಅವಳ ತಾಯಿಯೇ ಹೇಳುತ್ತಿದ್ದಳು. ಅಂಥವಳನ್ನು, ಎರಡು ದಿನ ಸುಮ್ಮನೆ ಬಿದ್ದಿರೋಣ ಬಾ ಎಂದು ಯುವಶ್ರೀ ತನ್ನ ಅಜ್ಜಿಯ ಊರು ಓಡೈಪಟ್ಟಿಗೆ ಕರೆದುಕೊಂಡು ಬಂದಿದ್ದಳು. ತಪ್ಪು ಯಾರದು, ನೀವೇ ಹೇಳಿ.

ಮದುರೈಯಲ್ಲಿ ಒಂದೇ ಕೋಣೆಯಲ್ಲಿರುವ ಮೂವರು ಗೆಳತಿಯರು ಅವರು. ತೇನ್‌ಮೊಳಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಯುವಶ್ರೀಗೆ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಮೂರನೆಯವಳು ಮುತ್ತುಸೆಲ್ವಿ, ಜವಳಿ ಅಂಗಡಿಯಲ್ಲಿ ಆರು ದಿನ ನಿಂತೇ ಇರುವವಳು. ಶನಿವಾರ ಬಸ್ಸಿಳಿದವಳೇ ದ್ರಾಕ್ಷಿ ಚಪ್ಪರದ ಕೆಳಗೆ ಚಾಪೆ ಹಾಸಿಕೊಂಡು ಮಲಗಿಬಿಟ್ಟಳು. ಉಳಿದಿಬ್ಬರು ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಕಣ್ಣು ಕೆಂಪಾಗುವವರೆಗೆ ಈಜಿದರು. ಯುವಶ್ರೀಯ ಅಜ್ಜಿ ಕಾಮಾಕ್ಷಿಯಮ್ಮಾಳ್ ಬುಟ್ಟಿ ತುಂಬ ದ್ರಾಕ್ಷಿ ತಂದಿಟ್ಟು, “ತಿನ್ರಮ್ಮಾ, ಪಟ್ಟಣದಾಗೆ ಒಣಗೋಗಿದ್ದೀರಿ,” ಎಂದಳು.

ಯುವಶ್ರೀ ಬಂದದ್ದು ಬರೀ ಈಜುವುದಕ್ಕಲ್ಲ. ಅವಳ ತಾತ ಅಯ್ಯನಾರ್‌ಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಆಗಲೇ ಹಾಲಿನಂತಾಗಿತ್ತು. ಇನ್ನೂ ತಡ ಮಾಡಿದರೆ ಶಸ್ತ್ರಚಿಕಿತ್ಸೆಯೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ತಾತ ಮಾತ್ರ ಎರಡು ವರ್ಷದಿಂದ ಒಂದೇ ಹಟ ಹಿಡಿದಿದ್ದ.

“ಅರಸ ಇಲ್ದೆ ಇರೋ ದೊಡ್ಡೀನ ಬುಟ್ಟು ಒಂದು ರಾತ್ರೀನೂ ನಾ ಓಗ್ಕೂಡ್ದು ಕಣಮ್ಮಾ. ಅದು ಮುರೈ ಅಲ್ಲ, ನಮ್ಮ ಪದ್ದತಿ ಅಲ್ಲ.”

ಯಾವ ಅರಸ, ಯಾವ ದೊಡ್ಡಿ? ತೇನ್‌ಮೊಳಿಯ ಕಿವಿ ನೆಟ್ಟಗಾಯಿತು. ಅವಳ ಮನೆಯಲ್ಲೂ ಆಡುವುದು ಕನ್ನಡವೇ, ಆದರೆ ಇಂಥದ್ದನ್ನು ಅವಳು ಕೇಳಿರಲಿಲ್ಲ. ಕೆದಕಿ ಕೆದಕಿ ಎಲ್ಲವನ್ನೂ ಹೊರಡಿಸಿದಳು. ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿದ ಯುವಶ್ರೀಯ ಕನ್ನಡ ಕುಲದವರು ದೇವರಿಗೆ ಬಿಟ್ಟ ದನಗಳ ಹಿಂಡೊಂದನ್ನು ಊರಾಚೆ ದೊಡ್ಡಿಯಲ್ಲಿ ಸಾಕುತ್ತಾರೆ. ಅದರ ಹಾಲನ್ನು ಮಾರುವುದಿಲ್ಲ, ಹೋರಿಗಳ ಹೆಗಲಿಗೆ ನೊಗ ಇಡುವುದಿಲ್ಲ. ಹಿಂಡಿಗೆ ಒಂದು ಪಟ್ಟದ ಹೋರಿ ಇರುತ್ತದೆ, ಅದೇ ಅರಸ. ಅದು ಸತ್ತರೆ ಇನ್ನೊಂದನ್ನು ಮನುಷ್ಯರು ಆರಿಸುವಂತಿಲ್ಲ. ಹೋರಿಗಳನ್ನು ಒಂದು ರಾತ್ರಿ ಉಪವಾಸ ಕೆಡವಿ, ಬೆಳಿಗ್ಗೆ ಅವುಗಳ ಮುಂದೆ ಕಬ್ಬು ಹರಡುತ್ತಾರೆ. ಯಾವುದು ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಹೊಸ ಅರಸ ಬಂದ ದಿನವೇ ಮುದಿ ಗೋಪಾಲಕ ತನ್ನ ಕೋಲನ್ನು ಹೊಸಬನಿಗೆ ಕೊಡಬೇಕು. ಈಗಿನ ಗೋಪಾಲಕ ಅಯ್ಯನಾರ್ ನಂತರ ಕೋಲು ಹಿಡಿಯಲು ಸೇಕರ್ ಎಂಬ ತರುಣನನ್ನು ಊರವರು ಗೊತ್ತುಮಾಡಿಯೂ ಇದ್ದರು. ಆದರೆ ಹಳೆಯ ಅರಸ ಸತ್ತ ಮೇಲಿನ ಎರಡು ವರ್ಷದಲ್ಲಿ ಎರಡು ಸಲ ಕಬ್ಬು ಹರಡಿದರೂ ಒಂದು ಹೋರಿಯೂ ಮುಟ್ಟಿರಲಿಲ್ಲ. ಮೂರನೆಯ ಸಲ ಹರಡುವುದು ನಾಳೆ, ಭಾನುವಾರ.

“ಉಪವಾಸ ಇರೋ ದನ ಕಬ್ಬು ಬುಡ್ತವಾ ತಾತಾ?” ತೇನ್‌ಮೊಳಿ ಕೇಳಿದಳು. “ನಮ್ಮೂರಾಗೆ ಕಬ್ಬಿನ ಬಂಡಿ ಇಂದೆ ಎರಡು ಮೈಲಿ ಓಡ್ತವೆ.”

“ದೇವ್ರು ಮನಸ್ಸು ಮಾಡ್ಬೇಕು ತಾಯಿ,” ಎಂದು ಅಯ್ಯನಾರ್ ಎದ್ದು ಹೋದ.

ದೇವರ ಮನಸ್ಸಿನ ವಿಷಯದಲ್ಲಿ ತೇನ್‌ಮೊಳಿಗೆ ತಕರಾರಿರಲಿಲ್ಲ. ದನದ ಹೊಟ್ಟೆಯ ವಿಷಯದಲ್ಲಿ ಇತ್ತು. ಹಸಿದ ಹೋರಿ ಕಬ್ಬು ಬಿಟ್ಟಿತೆಂದರೆ ಒಂದೋ ಅದಕ್ಕೆ ಕಾಯಿಲೆ, ಇಲ್ಲವೇ ಅದು ಹಸಿದಿಲ್ಲ. ದೊಡ್ಡಿಯ ಹನ್ನೊಂದು ಹೋರಿಗೂ ಒಟ್ಟಿಗೇ, ಎರಡೆರಡು ಸಲ ಕಾಯಿಲೆಯೇ? ತಲೆಯೊಳಗೆ ಹುಳ ಬಿಟ್ಟುಕೊಂಡವಳಿಗೆ ನಿದ್ದೆ ಹತ್ತುವುದುಂಟೇ? ಬೆಳಗಿನ ಐದು ಗಂಟೆಗೆಲ್ಲ ಎದ್ದು, ಮುತ್ತುಸೆಲ್ವಿಯ ಗೊರಕೆಯನ್ನು ದಾಟಿಕೊಂಡು ದೊಡ್ಡಿಯ ಕಡೆ ನಡೆದಳು.

ದೊಡ್ಡಿಯ ಬೇಲಿಯಾಚೆ ಯಾರೋ ಓಡಾಡುತ್ತಿದ್ದರು. ಅಯ್ಯನಾರ್. ಹೆಗಲ ಮೇಲೆ ಹಸಿ ಜೋಳದ ದಂಟಿನ ಹೊರೆ. ಸಾಲಾಗಿ ಕಟ್ಟಿದ್ದ ಹೋರಿಗಳ ಬೆನ್ನು ಮುಟ್ಟಿ ಮುಟ್ಟಿ ನೋಡುತ್ತ, ಒಂದೊಂದರ ಮುಂದೆ ತೋಳು ತುಂಬ ಮೇವು ಹಾಕುತ್ತಿದ್ದ. ಹೋರಿಗಳು ಕಟಕಟನೆ ಅಗಿಯುತ್ತಿದ್ದವು. ತೇನ್‌ಮೊಳಿಗೆ ಮೊದಲು ನಗು ಬಂತು. ಆಮೇಲೆ ಮುದುಕ ಹೋರಿಯ ಮೂತಿ ಎಲ್ಲಿ ಎಂದು ತಡವರಿಸುವುದು ಕಂಡು ನಗು ಅಲ್ಲೇ ನಿಂತಿತು.

“ತಾತಾ,” ಎಂದಳು.

ಹೊರೆ ಕೆಳಗೆ ಬಿತ್ತು. “ಯಾರು? ಯುವಾನಾ?”

“ನಾನು, ತೇನ್‌ಮೊಳಿ. ಯಾಕ್ ತಾತಾ ಇದು?”

ಅಯ್ಯನಾರ್ ಕಲ್ಲಿನ ಮೇಲೆ ಕುಸಿದು ಕೂತ.

“ನಂಗೆ ಡಾಕ್ಟ್ರ ಕತ್ತೀಗೆ ಬಯ ಇಲ್ಲ ಕಣಮ್ಮಾ. ಕೋಲು ಕೊಡೋದಕ್ಕೆ ಬಯ. ಅರವತ್ತು ವರ್ಸ ಈ ದೊಡ್ಡೀಲಿ ಮನಗಿದ್ದೀನಿ. ಕೋಲು ಓದ್ರೆ ನಾನ್ಯಾರು? ಮನೇಲಿ ಟೀವಿ ಮುಂದೆ ಕೂರೋ ಮುದ್ಕ. ಅರಸ ಬರ್ದಿದ್ರೆ ಕೋಲೂ ಓಗಲ್ಲ, ಅಷ್ಟೇ.”

“ದೇವ್ರಿಗೆ ಮೋಸ ಅಲ್ವಾ?”

“ಮೋಸಾನೇ. ಪ್ರತಿ ಸಲಾನೂ ಅವನ ಕಾಲು ಇಡ್ಕೊಂಡು ಅಳ್ತೀನಿ, ಆಮ್ಯಾಲೆ ಬಂದು ಮೇವು ಆಕ್ತೀನಿ.” ಅವನು ಕೈ ಮುಗಿದ. “ಯಾರ್ಗೂ ಏಳ್ಬ್ಯಾಡ ತಾಯಿ.”

ಇಷ್ಟು ವಯಸ್ಸಾದವನು ತನಗೆ ಕೈ ಮುಗಿದದ್ದು ಕಂಡು ತೇನ್‌ಮೊಳಿ ಆ ಕೈಗಳನ್ನು ಬಿಡಿಸಿದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಅಯ್ಯನಾರ್ ಎದ್ದು, ಉಳಿದ ಮೇವನ್ನು ತಡವರಿಸಿ ಎತ್ತಿಕೊಂಡು ಹಾಕುತ್ತಾ ಹೋದ. ತೇನ್‌ಮೊಳಿ ಮನಸ್ಸಿನಲ್ಲೇ ಎಣಿಸಿದಳು: ಎಂಟು, ಒಂಬತ್ತು, ಹತ್ತು. ನಡುವೆ ಮಾತಾಡಿ ಲೆಕ್ಕ ತಪ್ಪಿದ್ದ ಮುದುಕ, “ಮುಗೀತು,” ಎಂದು ಕೈ ಕೊಡವಿಕೊಂಡ.

ಮುಗಿದಿರಲಿಲ್ಲ. ಹನ್ನೊಂದನೆಯ ಹೋರಿ ಸಾಲು ಬಿಟ್ಟು ಅವನ ಬಲಗಡೆ, ಗೋಡೆಯ ನೆರಳಿನಲ್ಲಿ ನಿಂತಿತ್ತು. ಬಡಕಲು, ಕಪ್ಪು ಬಣ್ಣದ್ದು. ಮೇವಿನ ವಾಸನೆಗೆ ಹಗ್ಗ ಜಗ್ಗಿ ಕತ್ತು ಚಾಚುತ್ತಿತ್ತು. ಹಾಲಾದ ಬಲಗಣ್ಣಿಗೆ ಅದು ಬೀಳಲೇ ಇಲ್ಲ. ಸದ್ದು ಮಾಡಬಾರದೆಂದು ಕೊರಳ ಗಂಟೆಗಳಿಗೆ ಹುಲ್ಲು ತುರುಕಿದ್ದವನೂ ಅವನೇ.

ತೇನ್‌ಮೊಳಿಯ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ‘ತಾತಾ, ಅಲ್ಲೊಂದಿದೆ’ ಎಂದರೆ ಅದಕ್ಕೂ ಮೇವು ಬೀಳುತ್ತದೆ, ಕಣ್ಣು ಇನ್ನೂ ಒಂದು ವರ್ಷ ಕೊಳೆಯುತ್ತದೆ. ಊರವರಿಗೆ ಹೇಳಿದರೆ ಮುದುಕನ ಮಾನ ಹೋಗುತ್ತದೆ. ಹುಟ್ಟಿದಾಗಿನಿಂದ ಮುಚ್ಚದ ಬಾಯಿಯನ್ನು ಅವಳು ಅಂದು ಮುಚ್ಚಿದಳು. ಅದು ಎಷ್ಟು ಕಷ್ಟ ಎಂಬುದು ಅವಳಂಥವರಿಗೇ ಗೊತ್ತು.

ಒಂಬತ್ತಕ್ಕೆ ಜನ ನೆರೆದರು. ಯುವಶ್ರೀಯ ಮಾವ ಸೆಂದಿಲ್‌ಕುಮಾರ್ ಉತ್ತಮಪಾಳಯಂನಿಂದ ಎರಡು ಹೊರೆ ಕಬ್ಬು ತಂದಿದ್ದ. ಮುತ್ತುಸೆಲ್ವಿ ಕೂಡ ಕಣ್ಣುಜ್ಜಿಕೊಂಡು ಬಂದು ಬೇಲಿಗೆ ಒರಗಿದಳು. ಪೂಜೆ ಮುಗಿದು, ಕಬ್ಬು ಹರಡಿ, ಹಗ್ಗ ಬಿಚ್ಚಿದರು.

ಹತ್ತು ಹೋರಿಗಳು ಬಂದವು, ಮೂಸಿದವು, ಹೊಟ್ಟೆ ತುಂಬಿದ ಬೀಗರು ಎಲೆ ನೋಡುವಂತೆ ನೋಡಿ ಪಕ್ಕಕ್ಕೆ ಹೋಗಿ ಮಲಗಿದವು. “ಈ ವರ್ಸಾನೂ ಇಷ್ಟೇನಾ,” ಎಂದು ಯಾರೋ ನಿಟ್ಟುಸಿರುಬಿಟ್ಟರು. ಅಯ್ಯನಾರ್ ಕೋಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

ಆಗ ಗೋಡೆಯ ಮೂಲೆಯಿಂದ ಕಪ್ಪು ಬಡಕಲು ಹೋರಿ ಓಡುತ್ತಲೇ ಬಂತು. ಮಲಗಿದ್ದ ಹೋರಿಗಳನ್ನು ದಾಟಿ ಕಬ್ಬಿನ ರಾಶಿಗೆ ಮೂತಿ ತೂರಿಸಿ, ಹಿಂದಿನ ರಾತ್ರಿಯ ಹಸಿವನ್ನೆಲ್ಲ ತೀರಿಸುವಂತೆ ಜಗಿಯತೊಡಗಿತು. ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಕುಲವಿ ಹಾಕಿದರು. ಸೆಂದಿಲ್‌ಕುಮಾರ್ ಕುಣಿದೇಬಿಟ್ಟ.

“ಯಾವುದು? ಯಾವುದು ಬಾಯಿ ಆಕಿದ್ದು?” ಅಯ್ಯನಾರ್ ಸುತ್ತಮುತ್ತ ಕೈ ಬೀಸಿ ಕೇಳುತ್ತಿದ್ದ. ಯುವಶ್ರೀ ಅವನನ್ನು ನಡೆಸಿಕೊಂಡು ಹೋಗಿ ಕೈಯನ್ನು ಹೋರಿಯ ಬೆನ್ನಿನ ಮೇಲಿಟ್ಟಳು. ಪಕ್ಕೆಲುಬು ಸವರುತ್ತಿದ್ದ ಬೆರಳುಗಳು ಖಾಲಿ ಹೊಟ್ಟೆಯ ಹಳ್ಳದ ಹತ್ತಿರ ನಿಂತವು. ಮುದುಕನಿಗೆ ಅರ್ಥವಾಯಿತು. ತೇನ್‌ಮೊಳಿ ಇದ್ದ ಕಡೆಗೆ ಮುಖ ತಿರುಗಿಸಿ, ಮೆಲ್ಲಗೆ ಕೇಳಿದ:

“ನೀ ಆಗಲೇ ಕಂಡಿದ್ದೆ ಅಲ್ವಾ? ಏಳ್ಬೋದಿತ್ತಲ್ಲ.”

“ಯಾರ್ಗೂ ಏಳ್ಬ್ಯಾಡ ಅಂದ್ರಲ್ಲ ತಾತಾ.”

ಅಯ್ಯನಾರ್‌ಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕೋಲನ್ನು ಸೇಕರ್‌ನ ಕೈಗೆ ಕೊಟ್ಟು, ಬರಿಗೈಯಲ್ಲಿ ಹೋರಿಯ ಕೊರಳನ್ನು ತಬ್ಬಿಕೊಂಡ.

“ಯುವಾ, ನಾಳೇನೇ ಮದುರೈಗೆ ಕರ್ಕೊಂಡೋಗು,” ಎಂದ. “ಈ ಕರಿ ಉಡ್ಗ ಉಟ್ಟಿ ಮೂರು ವರ್ಸ ಆಯ್ತು. ನಾನಿನ್ನೂ ಇವನ ಮುಖಾನೇ ನೋಡಿಲ್ಲ.”