ಮೂಲೆಯ ಲೇತು

ವಸತಿ ತರಬೇತಿ ಶಾಲೆಯ ಹೊಲಿಗೆ ವಿಭಾಗ ಮುಚ್ಚಿದಾಗ ಉಳಿದ ಹುಡುಗಿಯರೆಲ್ಲ ಗಂಟುಮೂಟೆ ಕಟ್ಟಿದರು. ಒಬ್ಬಳು ಮಾತ್ರ ಹಾಸ್ಟೆಲಿನಲ್ಲೇ ಉಳಿದು, ಯಂತ್ರದಲ್ಲಿ ಕಬ್ಬಿಣ ಕಡೆಯುವುದನ್ನು ಕಲಿಸುವ ಲೇತ್ ವಿಭಾಗಕ್ಕೆ ಅರ್ಜಿ ಕೊಟ್ಟಳು. ಮನೆಗೆ ಹೋದರೆ ಮದುವೆ ಮಾಡಿ ಕೈತೊಳೆದುಕೊಳ್ಳಲು ಅಪ್ಪ ಕಾಯುತ್ತಿದ್ದ.

ಹುಡುಗರು ಅವಳಿಗೆ ‘ಸೂಜಿ’ ಎಂದು ಹೆಸರಿಟ್ಟರು. “ಕಬ್ಬಿಣಕ್ಕೆ ಗುಂಡಿ ಹೊಲಿಯೋಕೆ ಬಂದಿದಾಳೆ ಕಣ್ರೋ!”

ಮೇಷ್ಟ್ರು ನಗಲಿಲ್ಲ. ಬೇರೆ ಯಾವುದೂ ಖಾಲಿಯಿಲ್ಲದೆ, ಯಾರೂ ಮುಟ್ಟದ ಮೂಲೆಯ ಲೇತನ್ನು ತೋರಿಸಿದರು.

ಮೊದಲ ದಿನವೇ, ಹಿಡಿಕೆ ತಿರುಗಿಸುತ್ತಿದ್ದ ಸೂಜಿಯ ಕೈಮೇಲೆ ಇನ್ನೊಂದು ಕೈ ಬಂದು ಕೂತಿತು. ತಣ್ಣಗಿನ, ಒರಟು ಕೈ. ಕಣ್ಣಿಗೇನೂ ಕಾಣದು. ಉರಿಬಿಸಿಲಿನ ಹಗಲು, ಸುತ್ತ ಇಪ್ಪತ್ತು ಹುಡುಗರು. ಆದರೂ ಅವಳ ಮೈ ಜುಮ್ಮೆಂದಿತು. ಆ ಕೈ ಹಿಡಿಕೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿತು. ಅಳತೆ ಕರಾರುವಾಕ್ಕಾಗಿ ಬಂತು.

ದಿನವೂ ಹೀಗೇ. ಸೂಜಿ ಹಲ್ಲುಕಚ್ಚಿ ನಿಂತು ಕಲಿತಳು. ಎರಡು ತಿಂಗಳಲ್ಲಿ ಹುಡುಗರ ನಗು ನಿಂತಿತು.

ಒಂದು ಮಧ್ಯಾಹ್ನ ಅವಳು ಕಡೆದ ತುಂಡನ್ನು ಬೆಳಕಿಗೆ ಹಿಡಿದ ಮೇಷ್ಟ್ರ ಮುಖ ಬಿಳಿಚಿತು.

“ಅಂಚನ್ನ ಹೀಗೆ ಇಳಿಸೋದು ಯಾರಮ್ಮ ಹೇಳಿಕೊಟ್ರು?”

“ಯಾರೋ ಕೈ ಹಿಡೀತಾರೆ, ಸಾರ್.”

ಅವರು ಸ್ಟೂಲೆಳೆದು ಕೂತರು. “ಹೀಗೆ ಇಳಿಸ್ತಿದ್ದೋಳು ಒಬ್ಬಳೇ, ನನ್ನ ಜೊತೆ ಕಲಿತೋಳು. ಆಗ ಹುಡುಗೀರನ್ನ ಸೇರಿಸ್ಕೋತಿರಲಿಲ್ಲ. ಕೂದಲು ಕತ್ತರಿಸಿ ಅಣ್ಣನ ಹೆಸರಲ್ಲಿ ಬಂದಿದ್ಲು. ನನಗಿಂತ ಒಂದು ಕೈ ಮೇಲು. ಅದಕ್ಕೇ ಪರೀಕ್ಷೆ ದಿನ ನಾನೇ ಚಾಡಿ ಹೇಳ್ದೆ. ಇದೇ ಲೇತಿಂದ ಅರ್ಧಕ್ಕೇ ಬಿಡಿಸಿ ಕಳಿಸಿದ್ರು. ಆ ವರ್ಷವೇ ತೀರಿಹೋದ್ಲಂತೆ.”

ಲೇತು ಆಫ್ ಆಗಿತ್ತು. ಆದರೂ ಹಿಡಿಕೆ ತಾನಾಗಿಯೇ ಒಂದು ಸುತ್ತು ತಿರುಗಿತು.

ಮೇಷ್ಟ್ರು ಎದ್ದು ಹಿಡಿಕೆಯ ಮೇಲೆ ಕೈಯಿಟ್ಟರು. “ತಪ್ಪಾಯ್ತು ಕಣೇ.”

ಯಂತ್ರ ಗುಂಯ್ಯೆಂದಿತು. ಅವರ ಬಲಗೈ ಅವರ ಮಾತು ಕೇಳದೆ ಸರಸರ ಓಡತೊಡಗಿತು. ಸೂಜಿ ಸ್ವಿಚ್ಚಿನತ್ತ ಹಾರಿದಳು. “ಕೈ ತೆಗೀರಿ, ಸಾರ್!”

“ಬೇಡಮ್ಮ, ಬಿಡು.” ಅವರ ಕಣ್ಣಲ್ಲಿ ನೀರು. “ಪರೀಕ್ಷೆ ಮುಗಿಸ್ತಿದಾಳೆ.”

ಸಂಜೆಯ ಹೊತ್ತಿಗೆ ಕನ್ನಡಿಯಂಥ ತುಂಡೊಂದು ಹೊರಬಂತು. ಮೇಷ್ಟ್ರು ಅದಕ್ಕೆ ನೂರಕ್ಕೆ ನೂರು ಬರೆದರು. ಅಂದಿನಿಂದ ಅವರ ಬಲಗೈಯಲ್ಲಿ ಸೀಮೆಸುಣ್ಣವೂ ನಿಲ್ಲುತ್ತಿರಲಿಲ್ಲ.

ಮರುದಿನ ಸೂಜಿಯ ಕೈಮೇಲೆ ಯಾವ ಕೈಯೂ ಕೂರಲಿಲ್ಲ. ಗಾಬರಿಯಲ್ಲಿ ನಾಲ್ಕು ತುಂಡು ಕೆಡಿಸಿದಳು. ಐದನೆಯದು ಸರಿಬಂತು.

ತರಬೇತಿ ಮುಗಿಸಿ ಕೆಲಸ ಕೇಳಿ ಕಾರ್ಖಾನೆಗೆ ಹೋದಾಗ ಮ್ಯಾನೇಜರ್ ಕೇಳಿದರು: “ಇಲ್ಲಿರೋದೆಲ್ಲ ಕಂಪ್ಯೂಟರ್ ಯಂತ್ರಗಳು. ನಿನ್ನ ಕೈಲಾಗುತ್ತೇನಮ್ಮ?”

“ಹೊಲಿಗೆ ಬಿಟ್ಟು ಲೇತ್ ಕಲಿತೆ, ಸಾರ್. ಇದನ್ನೂ ಕಲೀತೀನಿ,” ಎಂದಳು.

ಸೋಮವಾರದಿಂದ ಬರಲು ಹೇಳಿದರು.